ಹಾರದೆ ಉಳಿದ ಗುಂಡಿನ ಪಂಚಾಯಿತಿ

ಮೂವತ್ತು ಮಂದಿ ಹುಲ್ಲಿನ ಮೇಲೆ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಾಗಿ ತೆವಳುತ್ತಿರುವುದನ್ನು ದೂರದಿಂದ ಕಂಡವರು ಯಾರದೋ ತಾಳಿ ಕಳಚಿ ಬಿದ್ದಿರಬೇಕು ಎಂದುಕೊಳ್ಳುವುದು ಸಹಜ. ಎನ್‌ಸಿಸಿ ಶಿಬಿರದ ಫೈರಿಂಗ್ ಸ್ಪರ್ಧೆಯ ಆ ಮಧ್ಯಾಹ್ನ ನಾವು ಹುಡುಕುತ್ತಿದ್ದುದು ತಾಳಿಯನ್ನಲ್ಲ. ಒಂದೂವರೆ ಸೆಂಟಿಮೀಟರ್ ಉದ್ದದ, ಒಳಗೆ ಒಂದಿಷ್ಟು ಮಸಿಯ ಹೊರತು ಮತ್ತೇನೂ ಇಲ್ಲದ ಒಂದು ಹಿತ್ತಾಳೆಯ ಖೋಕಾವನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚವನ್ನು. ತಲೆಗೆ ಐದರಂತೆ ಪಾಯಿಂಟ್ 22 ಗುಂಡು ಕೊಟ್ಟಿದ್ದರು. ತಲೆಗೆ ಐದರಂತೆ ಖೋಕಾ ಮರಳಬೇಕಿತ್ತು. ನನ್ನ ಪಾಲಿನ ಒಂದು ಕಡಿಮೆ ಬಿದ್ದಿತ್ತು.

ಆ ಖೋಕಾದಿಂದ ಹೊರಟ ಸೀಸದ ಗುಂಡು ಎಲ್ಲಿ ಹೋಯಿತೆಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ಗುರಿಹಲಗೆಯ ಮೇಲೆ ಇದ್ದದ್ದು ಮೂರೇ ತೂತು. ಉಳಿದೆರಡು ಗುಂಡುಗಳು ಮಣ್ಣಿನ ದಿಬ್ಬವನ್ನು ಹೊಕ್ಕವೋ, ಅದರ ನೆತ್ತಿಯನ್ನು ಸವರಿಕೊಂಡು ಆಚೆಯ ಜೋಳದ ಹೊಲಕ್ಕೆ ಇಳಿದವೋ ದೇವರೇ ಬಲ್ಲ. ಎರಡೂವರೆ ಗ್ರಾಂ ತೂಗುವ ಈ ಪುಟ್ಟ ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಆದರೆ ಹಾರಿಹೋದದ್ದಕ್ಕೆ ರಿಜಿಸ್ಟರಿನಲ್ಲಿ ಕಲಮ್ಮಿಲ್ಲ, ಬಿದ್ದುಹೋದದ್ದಕ್ಕೆ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಸಂಜೆ ಐದರ ಹೊತ್ತಿಗೆ ಖೋಕಾ ಸಿಕ್ಕಿತು, ನಮ್ಮನ್ನು ಎರಡು ಗಂಟೆ ಬಯ್ದ ಹವಾಲ್ದಾರರ ಬೂಟಿನ ಅಟ್ಟೆಯ ಗೀರಿನಲ್ಲಿ.

ಖಾಲಿ ಖೋಕಾದ ಪಾಡೇ ಇಷ್ಟಾದರೆ, ತುಂಬಿದ ಗುಂಡು ಹಾರದೆ ಉಳಿದುಬಿಟ್ಟರೆ ಏನಾದೀತು ಎಂಬುದು ನನಗೆ ಗೊತ್ತಾದದ್ದು ಮುಂದೆ ಜಿಲ್ಲಾ ಮಟ್ಟದ ರೈಫಲ್ ಸ್ಪರ್ಧೆಗಳಿಗೆ ಹೋಗತೊಡಗಿದ ಮೇಲೆ. ಐವತ್ತು ಮೀಟರ್ ಪ್ರೋನ್, ಅಂದರೆ ಬೋರಲು ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಅಂಕಕ್ಕೆ ಪರಿಗಣಿಸುವ ಹೊಡೆತಗಳು 60. ಅದಕ್ಕೆ ಮುನ್ನ ಗಾಳಿ, ಬೆಳಕು ಮತ್ತು ದೂರದರ್ಶಕವಿಲ್ಲದ ತನ್ನ ಕಣ್ಣನ್ನು ಹೊಂದಿಸಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಆ ಅವಧಿಯಲ್ಲಿ ಎಷ್ಟು ಬೇಕಾದರೂ ಹೊಡೆಯಬಹುದು. ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಆದ್ದರಿಂದ ಒಬ್ಬನಿಗೆ ಹತ್ತು ಹೊಡೆತ ಸಾಕಾದರೆ ಇನ್ನೊಬ್ಬನಿಗೆ ಮೂವತ್ತೂ ಸಾಲದು. ಗುಂಡುಗಳಾದರೋ ಬರುವುದು ಐವತ್ತರ ಪೆಟ್ಟಿಗೆಯಲ್ಲಿ. ಒಂದು ಪೆಟ್ಟಿಗೆ ಸಾಲದು, ಎರಡಾದರೆ ಉಳಿಯುತ್ತದೆ. ಇಷ್ಟನ್ನು ತಿಳಿಯಲು ಲೆಕ್ಕಪರಿಶೋಧಕರು ಬೇಕಿಲ್ಲ. ಆದರೂ ಪ್ರತಿ ಸ್ಪರ್ಧೆಯ ಕೊನೆಯಲ್ಲಿ ಗುಂಡು ಉಳಿದದ್ದನ್ನು ಕಂಡು ಸಂಘಟಕರು, ಕರೆಯದೆ ಬಂದ ನೆಂಟರನ್ನು ಕಂಡ ಮನೆಯವರಂತೆ ಬೆಚ್ಚಿಬೀಳುತ್ತಿದ್ದರು. (ಇನ್ನೊಂದು ಬಗೆಯ ಗುಂಡಿನ ವಿಷಯದಲ್ಲಿ ಉಳಿಕೆಯೆಂಬ ಸಮಸ್ಯೆಯೇ ನಮ್ಮ ರಾಜ್ಯದಲ್ಲಿ ಹುಟ್ಟುವುದಿಲ್ಲವೆಂಬುದು ಸಮಾಧಾನದ ಸಂಗತಿ.)

ನಮ್ಮ ಕ್ಲಬ್ಬಿನಲ್ಲಿ ಉಳಿದ ಗುಂಡನ್ನು ಮರಳಿಸಲು ಒಂದು ಫಾರಂ ಇತ್ತು. ಅದಕ್ಕೆ ಮೂರು ಪ್ರತಿ, ಇಬ್ಬರು ಸಾಕ್ಷಿಗಳು, ದಾಸ್ತಾನು ಕೊಠಡಿಯ ಕೀಲಿ ಇಟ್ಟುಕೊಂಡವರ ಸಹಿ ಬೇಕು. ಕೀಲಿ ಇಟ್ಟುಕೊಂಡವರು ಭಾನುವಾರ ಬರುವುದಿಲ್ಲ, ಸ್ಪರ್ಧೆ ಭಾನುವಾರವಲ್ಲದೆ ನಡೆಯುವುದಿಲ್ಲ. ಹಾಗೆಂದು ಮನೆಗೆ ಒಯ್ಯುವಂತೆಯೂ ಇಲ್ಲ, ಏಕೆಂದರೆ ಅದು ಕ್ಲಬ್ಬಿನ ದಾಸ್ತಾನು. ನನ್ನದೇ ಪರವಾನಗಿ ಇದ್ದರೂ ಒಂದು ಸಲಕ್ಕೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಅದರಲ್ಲೇ ಬರೆದಿರುತ್ತದೆ. ಹೀಗಾಗಿ ಪದಾಧಿಕಾರಿಗಳು ಅತ್ಯಂತ ಸರಳವಾದ ಪರಿಹಾರವೊಂದನ್ನು ಕಂಡುಕೊಂಡಿದ್ದರು: ‘ಉಳಿದದ್ದನ್ನೂ ಹೊಡೆದು ಮುಗಿಸಿಬಿಡಿ, ಖೋಕಾ ಎಣಿಸಿ ಕೊಟ್ಟರೆ ಸಾಕು.’ ಬಹುಮಾನ ವಿತರಣೆಗೆ ಶಾಮಿಯಾನ ಕಟ್ಟುತ್ತಿರುವಾಗ, ಅಂಕವೂ ಇಲ್ಲದೆ ಗುರಿಯೂ ಇಲ್ಲದೆ, ದುಬಾರಿ ಬೆಲೆಯ ಗುಂಡುಗಳನ್ನು ನಾವು ಮಣ್ಣಿನ ದಿಬ್ಬಕ್ಕೆ ಸಾಲಾಗಿ ಅರ್ಪಿಸುತ್ತಿದ್ದೆವು. ಮಾರ್ಚ್ ಕೊನೆಯ ವಾರದಲ್ಲಿ ಅನುದಾನ ಮುಗಿಸುವ ಕಚೇರಿಗಳಿಗೆ ಹೋಲಿಸಿದರೆ ನಮ್ಮದು ಸಣ್ಣ ಮಟ್ಟದ ಸೇವೆ.

ಆದರೆ ಒಂದು ಭಾನುವಾರ ನನ್ನ ಕೊನೆಯ ಗುಂಡು ಹಾರಲು ಒಪ್ಪಲಿಲ್ಲ. ಟ್ರಿಗರ್ ಒತ್ತಿದರೆ ‘ಟಿಕ್’ ಎಂದಿತು, ಅಷ್ಟೆ. ನಿಯಮದಂತೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು, ಅರ್ಧ ನಿಮಿಷ ಉಸಿರು ಬಿಗಿಹಿಡಿದು ಕಾದು, ಬೋಲ್ಟ್ ತೆರೆದೆ. ಪಾಯಿಂಟ್ 22 ಗುಂಡಿನಲ್ಲಿ ಸಿಡಿಮದ್ದು ಇರುವುದು ಬುಡದ ಅಂಚಿನೊಳಗೆ; ಆ ಅಂಚಿನ ಮೇಲೆ ಸೂಜಿ ಬಡಿದ ಗುರುತು, ಉಗುರಿನಿಂದ ಒತ್ತಿದ ಹಾಗೆ, ಚೊಕ್ಕಟವಾಗಿ ಮೂಡಿತ್ತು. ರಿಜಿಸ್ಟರಿನಲ್ಲಿ ಇದ್ದದ್ದು ಎರಡೇ ಕಲಂ: ‘ಹೊಡೆದದ್ದು’, ‘ಉಳಿದದ್ದು’. ಹೊಡೆದದ್ದೆಂದು ಬರೆಯೋಣವೆಂದರೆ ಖೋಕಾ ಇಲ್ಲ. ಉಳಿದದ್ದೆಂದು ಬರೆಯೋಣವೆಂದರೆ, ಹೊಡೆದ ಗುರುತಿರುವ ಗುಂಡನ್ನು ದಾಸ್ತಾನಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ‘ಗುಂಡು ಬದುಕಿದೆಯೋ ಸತ್ತಿದೆಯೋ, ಅದನ್ನು ಮೊದಲು ಹೇಳಿ ಸ್ವಾಮಿ’ ಎಂದು ಗುಮಾಸ್ತರು ಪೆನ್ನು ಕೆಳಗಿಟ್ಟರು. ಸುರಕ್ಷತೆಯ ಪಾಠವನ್ನು ನಮಗೆ ಬಾಯಿಪಾಠ ಮಾಡಿಸಿದ್ದ ಪದಾಧಿಕಾರಿಗಳೇ, ಅದನ್ನು ತುಸು ತಿರುಗಿಸಿ ಹಾಕಿ ಇನ್ನೊಮ್ಮೆ ಹೊಡೆದು ನೋಡೆಂದರು. ನೋಡಿದೆ. ಅಂಚಿನಲ್ಲಿ ಗುರುತು ಎರಡಾಯಿತು, ಸಮಸ್ಯೆ ಒಂದೇ ಉಳಿಯಿತು.

ಅದನ್ನು ಅಲ್ಲೇ ಕಸದ ಬುಟ್ಟಿಗೆ ಎಸೆಯಬಾರದೇ ಎಂದು ಕೇಳುವವರು ವಿಮಾನ ನಿಲ್ದಾಣಗಳ ಸುದ್ದಿ ಓದಿರಲಾರರು. ಬ್ಯಾಗಿನ ಹೊಲಿಗೆಯ ಸಂದಿಯಲ್ಲಿ ಎಂದೋ ಸಿಕ್ಕಿಕೊಂಡ ಒಂಟಿ ಗುಂಡು ಎಕ್ಸ್‌ರೇ ಪರದೆಯಲ್ಲಿ ಮೂಡಿದರೆ, ‘ಜೀವಂತ ಗುಂಡು ಪತ್ತೆ’ ಎಂಬ ತಲೆಬರಹದೊಂದಿಗೆ ಮರುದಿನ ಪತ್ರಿಕೆಯಲ್ಲಿ ಜೀವ ಕಳೆದುಕೊಳ್ಳುವವನು ಪ್ರಯಾಣಿಕ. ವಸ್ತು ತನ್ನಲ್ಲಿದೆ ಎಂಬ ಅರಿವಿಲ್ಲದೆ ‘ಸ್ವಾಧೀನ’ ಎಂಬುದು ಪೂರ್ಣವಾಗದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲೇ ವಿವರಿಸಿದೆ; ದೆಹಲಿ ಹೈಕೋರ್ಟ್ ಇಂಥ ಎಷ್ಟೋ ಪ್ರಕರಣಗಳನ್ನು ರದ್ದುಪಡಿಸುತ್ತಲೇ ಬಂದಿದೆ. ಅದರಲ್ಲೂ ಸ್ವಾರಸ್ಯವಾದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆಯ 45(ಡಿ) ಕಲಂ. ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ಅದು ವಿನಾಯಿತಿ ಕೊಡುತ್ತದೆ. ಕೋವಿಯ ಸುಳಿವೇ ಇಲ್ಲದ ಒಂಟಿ ಗುಂಡು ಇಂಥ ಬಿಡಿಭಾಗವೇ ಸರಿ ಎಂದು ಕೆಲವು ತೀರ್ಪುಗಳಲ್ಲಿ ಹೇಳಲಾಗಿದೆ. ಅಂದರೆ ನ್ಯಾಯಾಲಯದಲ್ಲಿ ತುಂಬಿದ ಗುಂಡು ಬರಿಯ ಬಿಡಿಭಾಗ. ನಮ್ಮ ರೇಂಜಿನಲ್ಲಿ ಖಾಲಿ ಖೋಕಾ ಸಂಪೂರ್ಣ ಗುಂಡು. ಇತ್ತ ಮದುವೆ ಮೆರವಣಿಗೆಗಳಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ಸಂಭ್ರಮಿಸುವವರಿಗೆಂದೇ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಪ್ರತ್ಯೇಕ ಸಾಲು ಆ ಕಾಯ್ದೆಗೆ ಸೇರಲು 2019ರ ತನಕ ಕಾಯಬೇಕಾಯಿತು. ಅಂಥ ಮೆರವಣಿಗೆಯ ಮಾರನೆಯ ದಿನ ಬೀಗರು ಮಂಡಿಯೂರಿ ಖೋಕಾ ಹುಡುಕಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಗುಂಡಿನ ವಿಚಾರ ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸಲ ಬಂತು. ‘ಅರ್ಧ ಹೊಡೆದದ್ದು’ ಎಂಬ ಮೂರನೆಯ ಕಲಮ್ಮನ್ನು ಗೆರೆ ಎಳೆದು ಸೇರಿಸಬೇಕೆಂಬ ಸಲಹೆಯನ್ನು, ಮುದ್ರಿತ ರಿಜಿಸ್ಟರನ್ನು ಕೈಯಿಂದ ತಿದ್ದಬಾರದೆಂಬ ಕಾರಣಕ್ಕೆ ತಳ್ಳಿಹಾಕಲಾಯಿತು. ಕೊನೆಗೆ ಗುಂಡನ್ನು ಖಾಕಿ ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆಯೊತ್ತಿ, ಮುಂದಿನ ಆದೇಶದವರೆಗೆ ಬೀರುವಿನಲ್ಲಿ ಇಡುವುದೆಂದು ತೀರ್ಮಾನವಾಯಿತು. ಆಮೇಲೆ ಮೂವರು ಕಾರ್ಯದರ್ಶಿಗಳು ಬದಲಾಗಿದ್ದಾರೆ. ಕಳೆದ ಸಲದ ಅಧಿಕಾರ ಹಸ್ತಾಂತರಕ್ಕೆ ನಾನೇ ಸಾಕ್ಷಿಯಾಗಿ ಸಹಿ ಹಾಕಿದ ಚಾರ್ಜ್ ಪಟ್ಟಿಯಲ್ಲಿ ಹೀಗಿತ್ತು: ‘ಕಬ್ಬಿಣದ ಬೀರು ಒಂದು. ಗೋಡೆ ಗಡಿಯಾರ ಒಂದು, ಓಡುತ್ತಿಲ್ಲ. ಲಕೋಟೆ ಒಂದು, ಒಳಗೆ ಗುಂಡು ಒಂದು, ಹಾರುತ್ತಿಲ್ಲ.’