ಮಗನ ಹೆಸರಲ್ಲಿ ಎಫ್‌ಡಿ ಇಡುವ ಮುಂಚೆ

ಅಮೆರಿಕದಲ್ಲಿ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸರ್ಕಾರದ ಸಹಾಯಧನ ಕೈತಪ್ಪದಂತೆ ಅವರಿಗಾಗಿ ದುಡ್ಡು ಎಲ್ಲಿಡಬೇಕು ಎಂಬುದೇ ವಿಷಯ. ಮಗುವಿಗೆ ಹದಿನೇಳು ತುಂಬಿದ್ದರೆ ನಾಳೆಗೆ ಅಂತ ಎತ್ತಿಡಬೇಡಿ.

ಮುಂದೆ ಈ ಮಗುವಿನ ಗತಿ ಏನು ಎಂಬ ಚಿಂತೆ ಬಂದಾಗ ನಮ್ಮವರು ಮೊದಲು ಮಾಡುವ ಕೆಲಸ ಅವನ ಹೆಸರಲ್ಲಿ ದುಡ್ಡಿಡುವುದು. ಅಜ್ಜ ಬೆಂಗಳೂರಿನಲ್ಲಿ ಎಫ್‌ಡಿ ಮಾಡಿಸುತ್ತಾರೆ, ಅತ್ತೆ ಹುಟ್ಟುಹಬ್ಬಕ್ಕೆ ಚೆಕ್ ಕೊಡುತ್ತಾರೆ. ಪ್ರೀತಿಯಿಂದ ಮಾಡಿದ್ದೇ. ಆದರೆ ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆ ಇರುವ ಅಂಗವಿಕಲರಿಗೆ ತಿಂಗಳು ತಿಂಗಳು ಬರುವ ಸಹಾಯಧನ) ಕೊಡುವ ಸೋಶಿಯಲ್ ಸೆಕ್ಯುರಿಟಿ ಇಲಾಖೆಯವರ ಲೆಕ್ಕದಲ್ಲಿ, ಅವನ ಹೆಸರಲ್ಲಿದ್ದು ಅವನಿಗೆ ತೆಗೆಯಲು ಹಕ್ಕಿರುವ ಹಣ ಯಾವ ದೇಶದಲ್ಲಿದ್ದರೂ ಅವನ ಆಸ್ತಿಯೇ. ಆ ಆಸ್ತಿಯ ಮಿತಿ 2,000 ಡಾಲರ್. 1989ರಿಂದ ಇದು ಒಂದು ಡಾಲರೂ ಏರಿಲ್ಲ. ಅಂಗವಿಕಲರಿಗೆ ಉಳಿತಾಯವೇ ಮಾಡಬೇಡಿ ಅಂದ ಹಾಗಿದೆ ಈ ನಿಯಮ. ಅನ್ಯಾಯ ಎನ್ನದೆ ಬೇರೆ ಮಾತಿಲ್ಲ. ತಿಂಗಳ ಮೊದಲ ತಾರೀಕಿನಂದು ಮಿತಿ ದಾಟಿದ್ದರೆ ಆ ತಿಂಗಳ ಹಣ ಇಲ್ಲ. ಬಹಳಷ್ಟು ರಾಜ್ಯಗಳಲ್ಲಿ ಎಸ್‌ಎಸ್‌ಐ ಜೊತೆಗೇ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಬರುವುದರಿಂದ ಥೆರಪಿ, ಮನೆಗೆ ಬಂದು ನೋಡಿಕೊಳ್ಳುವವರ ಸಂಬಳ ಎಲ್ಲಕ್ಕೂ ಕುತ್ತು.

"ನಮ್ಮ ಸಂಬಳ ಜಾಸ್ತಿ, ಎಸ್‌ಎಸ್‌ಐ ನಮಗೆ ಸಿಗಲ್ಲ" ಎಂದು ಅರ್ಜಿಯನ್ನೇ ಹಾಕದವರು ಬಹಳ. ಹದಿನೆಂಟರವರೆಗೆ ಅದು ನಿಜ. ಹದಿನೆಂಟು ತುಂಬಿದ ಮರು ತಿಂಗಳಿನಿಂದ ಅಪ್ಪ-ಅಮ್ಮನ ಆದಾಯ ಲೆಕ್ಕಕ್ಕೆ ಬರುವುದಿಲ್ಲ, ಅವನದ್ದು ಮಾತ್ರ. ಆದರೆ ಇದು ಮಗು ಅಮೆರಿಕದ ಪ್ರಜೆಯಾಗಿದ್ದರೆ. ಗ್ರೀನ್ ಕಾರ್ಡ್ ಇದ್ದರೆ ನಿಯಮ ಬಿಗಿ, ಎಚ್-4 (ಎಚ್-1ಬಿ ಕೆಲಸಗಾರರ ಕುಟುಂಬದವರ ವೀಸಾ) ಇದ್ದರೆ ಇಲ್ಲವೇ ಇಲ್ಲ.

ಹಾಗಾದರೆ ದುಡ್ಡು ಎಲ್ಲಿಡಬೇಕು? ಏಬಲ್ ಖಾತೆಯಲ್ಲಿ, ಅಂದರೆ ಅಂಗವಿಕಲರ ಉಳಿತಾಯಕ್ಕೆಂದೇ ಇರುವ ವಿಶೇಷ ಖಾತೆಯಲ್ಲಿ. 2014ರ ಡಿಸೆಂಬರ್‌ನಲ್ಲಿ ಕಾನೂನಾಯಿತು, 2016ರಲ್ಲಿ ಒಹಾಯೋ ಮೊದಲು ಶುರು ಮಾಡಿತು. ವೈಕಲ್ಯ 26 ವರ್ಷದೊಳಗೆ ಶುರುವಾಗಿರಬೇಕು ಎಂಬ ಷರತ್ತು 2026ರ ಜನವರಿ 1ರಿಂದ 46ಕ್ಕೆ ಏರಿದೆ. ಆನ್‌ಲೈನ್‌ನಲ್ಲೇ ತೆರೆಯಬಹುದು. ವೈದ್ಯರು ಸಹಿ ಮಾಡಿದ ರೋಗನಿರ್ಣಯದ ಪತ್ರ ನಿಮ್ಮ ಫೈಲಿನಲ್ಲಿರಲಿ. ಒಬ್ಬರಿಗೆ ಒಂದೇ ಖಾತೆ. ಎಲ್ಲರೂ ಸೇರಿ ವರ್ಷಕ್ಕೆ ಹಾಕಬಹುದಾದ ಮೊತ್ತ 2025ರಲ್ಲಿ 19,000 ಡಾಲರ್ ಇತ್ತು, ಆಗಾಗ ಪರಿಷ್ಕರಣೆ ಆಗುತ್ತದೆ. ಅದರೊಳಗಿನ ಒಂದು ಲಕ್ಷ ಡಾಲರ್‌ವರೆಗಿನ ಹಣವನ್ನು ಎಸ್‌ಎಸ್‌ಐ ಆಸ್ತಿ ಎಂದು ಎಣಿಸುವುದಿಲ್ಲ. ಅದನ್ನು ಮೀರಿದ ಹಣದಿಂದ 2,000 ಡಾಲರ್ ಮಿತಿ ದಾಟಿದರೂ ಎಸ್‌ಎಸ್‌ಐ ತಾತ್ಕಾಲಿಕವಾಗಿ ನಿಲ್ಲುತ್ತದೆಯೇ ಹೊರತು ಮೆಡಿಕೇಡ್ ಹೋಗುವುದಿಲ್ಲ.

ಖಾತೆ ತೆರೆದ ಮೇಲೂ ಎಡವುವ ಜಾಗಗಳಿವೆ. ಅತ್ತೆಯ ಚೆಕ್ ನೇರವಾಗಿ ಏಬಲ್‌ಗೆ ಹೋದರೆ ಅದು ಅವನ ಆದಾಯವಲ್ಲ. ಅದೇ ಚೆಕ್ ಅವನ ಕೈಗೆ ಬಂದು, ಅವನು ಏಬಲ್‌ಗೆ ಹಾಕಿದರೆ ಆ ತಿಂಗಳ ಆದಾಯ. ಅವನ ಸಂಬಳವೂ ಅಷ್ಟೇ: ಕಂಪನಿ ನೇರವಾಗಿ ಏಬಲ್‌ಗೇ ಕಳಿಸಿದರೂ ಅದು ಆದಾಯವೇ, ವರದಿ ಮಾಡಲೇಬೇಕು. "ಏಬಲ್‌ಗೆ ಹೋಗುತ್ತಲ್ಲ" ಎಂದು ಸುಮ್ಮನಿದ್ದವರಿಗೆ ವರ್ಷ ಕಳೆದ ಮೇಲೆ ಹಣ ವಾಪಸ್ ಕಟ್ಟಿ ಎಂಬ ಕಾಗದ ಬರುತ್ತದೆ.

ಬಾಡಿಗೆಯ ವಿಷಯ ಇನ್ನೂ ಸೂಕ್ಷ್ಮ. ಅವನ ಚೆಕಿಂಗ್ ಖಾತೆಯಲ್ಲಿ 1,400 ಡಾಲರ್ ಇದೆ ಅಂದುಕೊಳ್ಳಿ. 30ನೇ ತಾರೀಕು ಬಾಡಿಗೆಗೆಂದು ಏಬಲ್‌ನಿಂದ 900 ತೆಗೆದು ಅದೇ ಖಾತೆಗೆ ಹಾಕಿ, 2ನೇ ತಾರೀಕು ಚೆಕ್ ಕೊಟ್ಟಿರಿ. ನಡುವೆ ಒಂದನೇ ತಾರೀಕು ಬಂತಲ್ಲ, ಅವತ್ತು ಅವನ ಆಸ್ತಿ 2,300. ಆ ತಿಂಗಳ ಎಸ್‌ಎಸ್‌ಐ ಹೋಯಿತು. ಒಂದನೇ ತಾರೀಕಿನ ನಂತರ ತೆಗೆದು ಅದೇ ತಿಂಗಳು ಕಟ್ಟಿದರೆ ಏನೂ ಆಗುವುದಿಲ್ಲ. ಈ ಕಟ್ಟುನಿಟ್ಟು ವಸತಿ ಖರ್ಚಿಗೆ ಮಾತ್ರ. ವೀಲ್‌ಚೇರ್, ಕೋರ್ಸ್ ಫೀ, ಓಡಾಟದ ಖರ್ಚಿಗೆ ತೆಗೆದದ್ದು ಮುಂದಿನ ತಿಂಗಳಿಗೆ ದಾಟಿದರೂ ಪರವಾಗಿಲ್ಲ, ಇಂಥದ್ದಕ್ಕೇ ಎಂದು ತೋರಿಸಲು ಬಂದರೆ ಸಾಕು.

ಇನ್ನೊಂದು ವಿಷಯವನ್ನು ಏಬಲ್ ಖಾತೆ ಮಾರುವವರು ಜೋರಾಗಿ ಹೇಳುವುದಿಲ್ಲ. ಖಾತೆದಾರ ತೀರಿಕೊಂಡರೆ, ಖಾತೆ ತೆರೆದ ದಿನದಿಂದ ಮೆಡಿಕೇಡ್ ಅವನಿಗಾಗಿ ಕೊಟ್ಟದ್ದನ್ನು ಉಳಿದ ಹಣದಿಂದ ರಾಜ್ಯ ಕೇಳಬಹುದು. ಹಾಗಾಗಿ ಮನೆ ಮಾರಿದ ಹಣದಂಥ ದೊಡ್ಡ ಗಂಟಿಗೆ ಏಬಲ್ ಜಾಗವಲ್ಲ. ಅದಕ್ಕೆ ವಕೀಲರಿಂದ ಸ್ಪೆಷಲ್ ನೀಡ್ಸ್ ಟ್ರಸ್ಟ್ (ಹಣ ಮಗುವಿನ ಹೆಸರಲ್ಲಿರದೆ, ಅವನಿಗಾಗಿ ಟ್ರಸ್ಟಿ ನೋಡಿಕೊಳ್ಳುವ ವ್ಯವಸ್ಥೆ) ಮಾಡಿಸಿ, ಅಜ್ಜನ ವಿಲ್‌ನಲ್ಲೂ ಮಗುವಿನ ಹೆಸರಿನ ಬದಲು ಟ್ರಸ್ಟಿನ ಹೆಸರು ಬರಲಿ.

ಕೆಲಸಕ್ಕೆ ಹೋದರೆ ಎಲ್ಲ ನಿಂತುಹೋಗುತ್ತದೆ ಎಂಬ ಭಯದಲ್ಲಿ ಮಕ್ಕಳನ್ನು ಮನೆಯಲ್ಲೇ ಕೂರಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಲೆಕ್ಕ ನೋಡಿ. ತಿಂಗಳಿಗೆ 885 ಡಾಲರ್ ದುಡಿದರೆ ಮೊದಲ 85 ಬಿಟ್ಟು, ಉಳಿದ 800ರಲ್ಲಿ ಅರ್ಧ, ಅಂದರೆ 400 ಮಾತ್ರ ಎಸ್‌ಎಸ್‌ಐನಲ್ಲಿ ಕಡಿತ. 2026ರ ಪೂರ್ತಿ ಮೊತ್ತ 994; ಕಡಿತವಾಗಿ 594. ಸಂಬಳ ಸೇರಿ 1,479. ಮನೆಯಲ್ಲಿ ಕೂತರೆ 994. 22 ವರ್ಷದೊಳಗಿನ ವಿದ್ಯಾರ್ಥಿಗೆ ಕಡಿತ ಇನ್ನೂ ಕಡಿಮೆ.

ಊರಿಗೆ ಹೋಗುವವರಿಗೊಂದು ಮಾತು: 30 ದಿನ ಸತತವಾಗಿ ಅಮೆರಿಕದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ, ವಾಪಸ್ ಬಂದು 30 ದಿನ ಕಳೆಯುವವರೆಗೆ ಶುರುವಾಗುವುದಿಲ್ಲ. ಟಿಕೆಟ್ ಮಾಡಿಸುವಾಗ ನೆನಪಿರಲಿ.

ಇದನ್ನೆಲ್ಲ ಒಬ್ಬರೇ ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಕೆಲಸಕ್ಕೆ ಹೋದರೆ ಸೌಲಭ್ಯಗಳು ಏನಾಗುತ್ತವೆ ಎಂದು ಲೆಕ್ಕ ಹಾಕಿ ಹೇಳುವ, ಬೆನಿಫಿಟ್ಸ್ ಕೌನ್ಸಿಲರ್ ಎಂಬ ತರಬೇತಾದವರೇ ಇದ್ದಾರೆ. ಕೆಲಸಕ್ಕೆ ಸೇರುವ ಅಂಗವಿಕಲರಿಗಾಗಿ ಸೋಶಿಯಲ್ ಸೆಕ್ಯುರಿಟಿ ನಡೆಸುವ ಟಿಕೆಟ್ ಟು ವರ್ಕ್ ಸಹಾಯವಾಣಿ 1-866-968-7842ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ರಾಜ್ಯದ ವೊಕೇಶನಲ್ ರಿಹ್ಯಾಬಿಲಿಟೇಶನ್ (ಅಂಗವಿಕಲರಿಗೆ ಕೆಲಸಕ್ಕೆ ಸೇರಲು ನೆರವಾಗುವ) ಕಚೇರಿಯಲ್ಲಿ ಕೇಳಿ. ಹೋಗುವ ಮುಂಚೆ ಸೋಶಿಯಲ್ ಸೆಕ್ಯುರಿಟಿಯಿಂದ ಬಿಪಿಕ್ಯೂವೈ ಎಂಬ ವಿವರಪಟ್ಟಿ ತರಿಸಿಕೊಳ್ಳಿ. ಮಗನಿಗೆ ಯಾವ ಸೌಲಭ್ಯ, ಎಷ್ಟು, ಯಾವಾಗಿನಿಂದ ಎಲ್ಲ ಅದರಲ್ಲಿರುತ್ತದೆ. ಅದಿಲ್ಲದೆ ಕೌನ್ಸಿಲರ್ ಕೊಡುವ ಸಲಹೆ ಬರೀ ಅಂದಾಜು. ಭೇಟಿ ಮೊದಲ ಸಂಬಳಕ್ಕಿಂತ ಮುಂಚೆ ಆಗಲಿ. ಆಮೇಲೆ ಪ್ರತಿ ತಿಂಗಳ ಪೇ ಸ್ಲಿಪ್ಪನ್ನು ಮುಂದಿನ ತಿಂಗಳ 10ರೊಳಗೆ ಸೋಶಿಯಲ್ ಸೆಕ್ಯುರಿಟಿಗೆ ಕೊಟ್ಟು, ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆದು, ತಾರೀಕಿನ ಕ್ರಮದಲ್ಲಿ ಜೋಡಿಸಿಡಿ. ಹಣ ವಾಪಸ್ ಕೇಳುವ ಕಾಗದ ಬಂದರೆ ಮೇಲ್ಮನವಿಗೆ ಸಿಗುವುದು 60 ದಿನ; ಅವತ್ತು ಮಾತಾಡುವುದು ಆ ರಸೀದಿಗಳೇ.