ಗುಲಾಮಗಿರಿಯ ಬಾಕಿ: ಅಮೆರಿಕ ಈಗ ಪರಿಹಾರ ಕೊಡಬೇಕೇ?

ಪರ: ಸಿಯಾಟಲ್‌ನಿಂದ

ನೂರೈವತ್ತು ವರ್ಷದ ಹಿಂದಿನ ತಪ್ಪಿಗೆ ಈಗ ಯಾಕೆ ದುಡ್ಡು ಅಂತ ಕೇಳುವವರಿಗೆ ಮೊದಲು ಒಂದು ವಿಷಯ ಹೇಳಬೇಕು. ಅಮೆರಿಕ ಆಗಲೇ ಪರಿಹಾರ ಕೊಟ್ಟಿದೆ, ಗುಲಾಮರ ಒಡೆಯರಿಗೆ! 1862ರಲ್ಲಿ ವಾಷಿಂಗ್ಟನ್ ನಗರದ ಗುಲಾಮರನ್ನು ಬಿಡುಗಡೆ ಮಾಡಿದಾಗ ತಲೆಗೆ 300 ಡಾಲರ್‌ವರೆಗೆ ಒಡೆಯರ ಕೈಸೇರಿತು. ದುಡಿದವರಿಗೆ, ದೇಶ ಬಿಟ್ಟು ಹೋಗುವುದಾದರೆ 100 ಡಾಲರ್‌ವರೆಗೆ ಕೊಡುತ್ತೇವೆ ಅಂದರು. 1865ರ ಜನವರಿಯಲ್ಲಿ, ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಜನರಲ್ ಆಗಿದ್ದ ಶೆರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಜಮೀನು ಕೊಡಲು ಆದೇಶ ಹೊರಡಿಸಿದ. ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ಹಿಂತೆಗೆದುಕೊಂಡ. ಜಮೀನು ಮತ್ತೆ ಹಳೇ ಒಡೆಯರ ಪಾಲಾಯಿತು.

ಅದು ತೀರಾ ಹಳೇದು ಅನ್ನುತ್ತೀರಾ? ಸರಿ, ಮನೆಯ ವಿಷಯಕ್ಕೆ ಬರೋಣ. ಇಲ್ಲಿನ ಮಧ್ಯಮ ವರ್ಗದವರ ಆಸ್ತಿ ಅಂದರೆ ಮುಖ್ಯವಾಗಿ ಮನೆಯೇ. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ಊರೂರಿನ ನಕ್ಷೆ ತಯಾರಿಸಿ, ಕಪ್ಪು ಜನ ಇರುವ ಬೀದಿಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಅಂದರೆ ಸಾಲ ಕೊಟ್ಟರೆ ಅಪಾಯ ಅಂತ. 1934ರಿಂದ ಗೃಹಸಾಲಕ್ಕೆ ಸರ್ಕಾರಿ ಭದ್ರತೆ ಸಿಗತೊಡಗಿತು. ಅದರಲ್ಲಿ ಬಿಳಿಯರು ಮನೆ ಕೊಂಡರು. ಕಪ್ಪು ಜನರಿಗೆ ಬಹುತೇಕ ಬಾಗಿಲು ಮುಚ್ಚಿತ್ತು. ಮನೆಯ ವಿಷಯದ ಈ ತಾರತಮ್ಯಕ್ಕೆ ದೇಶವಿಡೀ ನಿಷೇಧ ಬಂದದ್ದು 1968ರಲ್ಲಿ. ಆಗ ಸಾಲ ಸಿಗದೆ ವಾಪಸಾದವರ ಮಕ್ಕಳು ಇವತ್ತೂ ನಮ್ಮ ನಡುವೆ ಇದ್ದಾರೆ. 2022ರ ಲೆಕ್ಕದಲ್ಲಿ ಬಿಳಿಯರ ನಡುಮಟ್ಟದ ಕುಟುಂಬವೊಂದರ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು 44,900.

ನಾವು ಇಲ್ಲಿ ಒಂದು ಹಳೇ ಮನೆ ಕೊಂಡಾಗ, ಕಾಗದಪತ್ರದ ಕಂತೆಯ ತಳದಲ್ಲಿ ಟೈಪ್ ಮಾಡಿದ ಹಾಳೆಯೊಂದು ಸಿಕ್ಕಿತು. ಒಳಚರಂಡಿ, ಬೇಲಿಯ ಎತ್ತರ, ಕೋಳಿ ಸಾಕುವಂತಿಲ್ಲ ಅನ್ನುವ ಷರತ್ತುಗಳ ಸಾಲಿನಲ್ಲೇ ಇನ್ನೊಂದು ಷರತ್ತು. ಆಫ್ರಿಕನ್ ಅಥವಾ ಏಷ್ಯನ್ ಮೂಲದವರು ಇಲ್ಲಿ ವಾಸ ಮಾಡಕೂಡದು, ಮನೆಗೆಲಸದವರಾದರೆ ಅಡ್ಡಿಯಿಲ್ಲ. ನನ್ನ ಗಂಡ ಅದನ್ನು ಜೋರಾಗಿ ಓದಿದರು. ಮನೆ ನೋಡಲು ಬಂದಿದ್ದ ಅತ್ತೆ, "ಅಂದ್ರೆ ನಾವೂ ಸೇರಿದ್ವಾ?" ಅಂತ ಕೇಳಿದರು. ಹೌದು ಅತ್ತೆ, ನಾವೂ ಸೇರಿದ್ವಿ. 1948ರಲ್ಲೇ ಸುಪ್ರೀಂ ಕೋರ್ಟ್ ಇಂಥ ಷರತ್ತು ಜಾರಿ ಮಾಡುವಂತಿಲ್ಲ ಅಂದಿತು. ಆದರೂ ಹಾಳೆ ಕಂತೆಯಲ್ಲೇ ಉಳಿದಿದೆ.

ನಾವು ಈ ದೇಶಕ್ಕೆ ಬಂದದ್ದಾದರೂ ಹೇಗೆ? 1946ರ ಕಾನೂನಿನಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು. 1965ರಲ್ಲಿ ವಲಸೆ ಕಾನೂನು ಬದಲಾಗಿ ಬಾಗಿಲು ತೆರೆಯಿತು. ಕಪ್ಪು ಜನ ಸಮಾನ ಹಕ್ಕಿಗಾಗಿ ಬೀದಿಗಿಳಿದು ಪೆಟ್ಟು ತಿಂದು ಗೆದ್ದ ಕಾಲದಲ್ಲೇ ಆದ ಬದಲಾವಣೆ ಅದು. ನಮ್ಮ ಹಬ್ಬದ ಕೂಟಗಳಲ್ಲಿ ಮಾತ್ರ ಬೇರೆ ಮಾತು: "ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದು ಮೇಲೆ ಬರಲಿಲ್ವಾ? ಅವರಿಗೇನು ಕಷ್ಟ?" ಆ ಸೂಟ್‌ಕೇಸಿನಲ್ಲಿ ಕರ್ನಾಟಕದ ಜನ ತೆರಿಗೆ ಕಟ್ಟಿ ಓದಿಸಿದ ಎಂಜಿನಿಯರಿಂಗ್ ಡಿಗ್ರಿ ಇತ್ತು. ಮನೆ ಹುಡುಕುವಾಗ "ಆ ಏರಿಯಾ ಸರಿ ಇಲ್ಲ" ಅಂತ ನಾವೇ ಒಬ್ಬರಿಗೊಬ್ಬರು ಹೇಳಿಕೊಡುತ್ತೇವಲ್ಲ, ಎಷ್ಟೋ ಕಡೆ ಅದು ಹಳೇ ನಕ್ಷೆಯ ಕೆಂಪು ಬೀದಿಯೇ.

ದುಡ್ಡು ಕೊಡೋದು ಆಗದ ಕೆಲಸವೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಿದ ಜಪಾನಿ ಮೂಲದವರಲ್ಲಿ ಬದುಕಿದ್ದವರಿಗೆ 1988ರ ಕಾನೂನಿನಲ್ಲಿ ತಲಾ 20,000 ಡಾಲರ್ ಕೊಡಲಿಲ್ಲವೇ? ನಮ್ಮ ವಾಷಿಂಗ್ಟನ್ ರಾಜ್ಯವೂ 2023ರಲ್ಲಿ ಕಾನೂನು ಮಾಡಿ, ಆಸ್ತಿ ನೋಂದಣಿಗೆ 100 ಡಾಲರ್ ಶುಲ್ಕ ಸೇರಿಸಿದೆ. 1968ಕ್ಕೆ ಮುಂಚೆ ಇಲ್ಲಿದ್ದು, ಇಂಥ ಷರತ್ತುಗಳಿಂದ ಹೊರಗುಳಿದ ಕುಟುಂಬಗಳಿಗೆ ಮನೆ ಕೊಳ್ಳಲು ಆ ಹಣದಿಂದ ಸಹಾಯ ಸಿಗುತ್ತದೆ. ನಾವೂ ಆ 100 ಡಾಲರ್ ಕಟ್ಟಿದ್ದೇವೆ. ದೇಶವಿಡೀ ಹೀಗೆ ಕಟ್ಟಲಿ.

ವಿರೋಧ: ನ್ಯೂಜೆರ್ಸಿಯಿಂದ

ನನ್ನನ್ನು ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಅನ್ಯಾಯ ಆಗಿದೆ, ಅದರ ಪೆಟ್ಟು ಇವತ್ತಿಗೂ ಇದೆ ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಒಡೆಯರಿಗೆ ದುಡ್ಡು ಕೊಟ್ಟದ್ದು ತಪ್ಪೇ, ಆ ಮಾತು ಬಿಡಿ. ನನ್ನ ತಕರಾರು ವಂಶ ನೋಡಿ ಚೆಕ್ ಬರೆಯುವ ದಾರಿಯ ಬಗ್ಗೆ.

ಯಾರಿಗೆ ಕೊಡುತ್ತೀರಿ? 1850, 1860ರ ಜನಗಣತಿಯಲ್ಲಿ ಗುಲಾಮರ ಹೆಸರನ್ನೇ ಸಾಮಾನ್ಯವಾಗಿ ಬರೆಯಲಿಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡು ಹೆಣ್ಣು ಅಂತಷ್ಟೇ ಇದೆ. ಈಗ ಅವರ ಮರಿಮಕ್ಕಳ ಮಕ್ಕಳು ದಾಖಲೆ ಎಲ್ಲಿಂದ ತರಬೇಕು? ನೈಜೀರಿಯಾದಿಂದ ಮೊನ್ನೆ ಬಂದ ಡಾಕ್ಟರ್‌ಗೆ ಕೊಡುತ್ತೀರಾ? ಪರ ವಾದಿಸುವವರ ಮಾತು ಕೇಳಿದರೆ ಊರಿಗೊಂದು ರಕ್ತ ಪರೀಕ್ಷೆ ಕೇಂದ್ರ ತೆರೆಯಬೇಕಾಗುತ್ತದೆ. ಜಪಾನಿಯರ ಉದಾಹರಣೆ ಇಲ್ಲಿ ಕೂಡುವುದಿಲ್ಲ. ಅಲ್ಲಿ ನೊಂದವರೇ ಜೀವಂತ ಇದ್ದರು.

ಇನ್ನೊಂದು ಭಯ ಇದೆ. ಒಮ್ಮೆ ಚೆಕ್ ಕೈಗಿಟ್ಟರೆ "ಕೊಟ್ಟಾಯ್ತಲ್ಲ, ಇನ್ನೇನು?" ಅನ್ನುವವರು ಜಾಸ್ತಿ ಆಗುತ್ತಾರೆ. ಈಗಲೇ ಮೂವರಲ್ಲಿ ಇಬ್ಬರು ಅಮೆರಿಕನ್ನರು ಪರಿಹಾರ ಬೇಡ ಅನ್ನುತ್ತಾರೆ.

ನಮ್ಮ ರಾಜ್ಯದಲ್ಲಿ ಬೇರೆ ದಾರಿ ಹಿಡಿದರು. ಬಡ ಊರುಗಳ ಶಾಲೆಗಳಿಗೆ ಶ್ರೀಮಂತ ಊರುಗಳಷ್ಟೇ ಹಣ ಸಿಗಬೇಕು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತು. 1998ರಲ್ಲಿ ಆ ಊರುಗಳ ಮೂರು, ನಾಲ್ಕು ವರ್ಷದ ಮಕ್ಕಳಿಗೂ ಶಾಲೆ ಕೊಡಿ ಅಂದಿತು. ನೆವಾರ್ಕ್, ಕ್ಯಾಮ್ಡೆನ್ ಜೊತೆ ಜೆರ್ಸಿ ಸಿಟಿಯೂ ಆ ಪಟ್ಟಿಯಲ್ಲಿದೆ. ನಮ್ಮ ಮಗಳು ಓದಿದ್ದು ಅಲ್ಲೇ, ಫೀಸಿಲ್ಲದೆ. ಅವಳ ತರಗತಿಯಲ್ಲಿ ಕಪ್ಪು ಮಕ್ಕಳು, ಸ್ಪ್ಯಾನಿಷ್ ಮಾತಾಡುವ ಮಕ್ಕಳು, ಗುಜರಾತಿ ಮಕ್ಕಳು ಒಂದೇ ಚಾಪೆಯಲ್ಲಿ ಕೂತು ಅಕ್ಷರ ಕಲಿತರು. ಯಾರ ಅಜ್ಜ ಯಾರು ಅಂತ ಯಾರೂ ಕೇಳಲಿಲ್ಲ. ವಿಳಾಸ ಕೇಳಿದರು, ಚುಚ್ಚುಮದ್ದಿನ ಕಾರ್ಡ್ ಕೇಳಿದರು, ಸೇರಿಸಿಕೊಂಡರು.

ಇದರಿಂದ ಆಸ್ತಿಯ ಅಂತರ ಮುಚ್ಚಿದೆ ಅಂತ ನಾನು ಹೇಳುವುದಿಲ್ಲ. ಆದರೂ ದುಡ್ಡಿದ್ದರೆ ಮೊದಲು ಇಂಥ ಶಾಲೆಗಳಿಗೆ ಹಾಕಿ ಅನ್ನುತ್ತೇನೆ.