ಕಡಿಮೆ ತಿನ್ರಿ, ನೂರು ವರ್ಷ ಬಾಳ್ರಿ

ಬಾಗಲಕೋಟೆಯ ಒಂದು ಸರ್ಕಾರಿ ಕ್ಯಾಂಟೀನಿಗೆ ಕೊನೆಗೂ ಎಣ್ಣೆ-ಸಕ್ಕರೆ ಬೋರ್ಡು ಬಂದಿದೆ. 2025ರ ಜೂನಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತಿಂಡಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಅನ್ನೋ ಬೋರ್ಡು ಹಾಕಿ ಅಂತ ಎಲ್ಲ ಇಲಾಖೆಗಳಿಗೂ ಪತ್ರ ಬರೆದದ್ದು, ಸಮೋಸಾಕ್ಕೂ ಜಿಲೇಬಿಗೂ ಸಿಗರೇಟಿನ ಥರ ಎಚ್ಚರಿಕೆ ಬರುತ್ತೆ ಅಂತ ಟಿವಿಯವರು ಕೂಗಾಡಿದ್ದು, ಆಮೇಲೆ ಸರ್ಕಾರವೇ ಬಂದು ಹಾಗೇನಿಲ್ಲ, ಬೀದಿಬದಿ ಮಾರುವವರ ತಂಟೆಗೆ ನಾವು ಹೋಗಿಲ್ಲ ಅಂತ ಸಮಜಾಯಿಷಿ ಕೊಟ್ಟದ್ದು, ಎಲ್ಲ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಬೋರ್ಡು ಹಾಕಿರೋದು ಬಾಣಲೆಯ ನೇರ ಮೇಲೆ. ಜಿಡ್ಡು ಹತ್ತಿ ಈಗಾಗಲೇ ಅರ್ಧ ಅಂಕಿ ಕಾಣೋದಿಲ್ಲ. ಗಿರಮಿಟ್‌ಗೆ ಎಷ್ಟು ಎಣ್ಣೆ ಅಂತ ಅದರಲ್ಲಿ ಇಲ್ಲವೇ ಇಲ್ಲ. ದೆಹಲಿಯವರಿಗೆ ಗಿರಮಿಟ್ ಗೊತ್ತಿರಬೇಕಲ್ಲ.

ಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಬಿಪಿ, ಶುಗರ್ ಮನೆಮನೆಗೂ ಬಂದಿರುವಾಗ ಹೇಳಲಿ ಬಿಡಿ, ಒಳ್ಳೇದೇ. ನನ್ನ ತಲೆ ಕೆಟ್ಟಿರೋದು ಅದರ ಹಿಂದೆಯೇ ಬಂದ ಆಯುಷ್ಯದ ಉಪದೇಶದಿಂದ. ನವನಗರದಲ್ಲಿ ಬೆಳಗ್ಗೆ ವಾಕಿಂಗ್ ಬರುವ ನಿವೃತ್ತರ ಗುಂಪಿನಲ್ಲಿ ಈಗ ಕಾಲುವೆ ನೀರಿನ ಮಾತಿಲ್ಲ, ಮಗನ ಪ್ಯಾಕೇಜಿನ ಮಾತೂ ಇಲ್ಲ. ಒಂದೇ ಮಾತು. ತಿನ್ನೋದರಲ್ಲಿ ಕಾಲು ಭಾಗ ಕಡಿಮೆ ಮಾಡಿ, ನೂರು ವರ್ಷ ಬದುಕಿ. ನೂರು ವರ್ಷ ಬದುಕಿ ಏನು ಮಾಡೋದು ಅಂತ ಯಾರೂ ಕೇಳೋದಿಲ್ಲ. ಪೆನ್ಷನ್ ಇದೆಯಲ್ಲ.

ಇವರು ಸುಮ್ನೆ ಹೇಳೋದಿಲ್ಲ, ಇಲಿ ತೋರಿಸಿ ಹೇಳುತ್ತಾರೆ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್ಕೇ ಇಲಿಗಳಿಗೆ ಅರೆಹೊಟ್ಟೆ ಹಾಕಿ ನೋಡಿದ. ಅವು ಹೊಟ್ಟೆ ತುಂಬ ತಿಂದ ಇಲಿಗಳಿಗಿಂತ ಜಾಸ್ತಿ ಕಾಲ ಬದುಕಿದವು. ಇದು ನಿಜ. ಆದರೆ ಆತ ವಿಟಮಿನ್ನು, ಖನಿಜ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಇನ್ನೊಂದು ವಿಷಯವನ್ನ ವಾಕಿಂಗ್ ಗುಂಪು ಹೇಳೋದೇ ಇಲ್ಲ. ಆ ಇಲಿಗಳ ಬೆಳವಣಿಗೆ ಕುಂಠಿತವಾಗಿತ್ತು. ಈ ಗಿಡ್ಡ ಇಲಿಗಳನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಇಲಿ ಆದಮೇಲೆ ಮನುಷ್ಯರು. ಕ್ಯಾಲೆರೀ ಅನ್ನೋ ಅಧ್ಯಯನಕ್ಕೆ ಅಮೆರಿಕದಲ್ಲಿ 200ಕ್ಕೂ ಹೆಚ್ಚು ಆರೋಗ್ಯವಂತರನ್ನ ಸೇರಿಸಿಕೊಂಡು, ಅವರಲ್ಲಿ ಒಂದು ಗುಂಪಿಗೆ ಎರಡು ವರ್ಷ ಶೇ 25ರಷ್ಟು ಕಡಿಮೆ ತಿನ್ನಿ ಅಂದರು. ಮೊದಲ ತಿಂಗಳು ಊಟವನ್ನೂ ಅವರೇ ಕೊಟ್ಟರು. ಧೈರ್ಯ ಹೇಳೋಕೆ ಸಲಹೆಗಾರರಿದ್ದರು, ತಜ್ಞರಿದ್ದರು, ಪರೀಕ್ಷೆಗಳಿದ್ದವು. ಇಷ್ಟೆಲ್ಲ ಇದ್ದೂ ಅವರಿಂದ ಆಗಿದ್ದು ಸರಾಸರಿ ಶೇ 12. ಬಿಪಿ, ಕೊಲೆಸ್ಟ್ರಾಲ್ ಇಳಿಯಿತು, ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯಿತು. 2023ರಲ್ಲಿ ಅವರದೇ ರಕ್ತದ ಮಾದರಿ ನೋಡಿ, ಮುಪ್ಪು ಬರೋ ವೇಗ ಶೇ 2ರಿಂದ 3ರಷ್ಟು ತಗ್ಗಿದೆ ಅಂದರು. ಅವರೆಲ್ಲ ಎಷ್ಟು ವರ್ಷ ಜಾಸ್ತಿ ಬದುಕಿದರು ಅನ್ನೋದನ್ನ ಹೇಳೋಕೆ ಅವರು ಸಾಯೋವರೆಗೂ ಕಾಯಬೇಕು. ವಿಜ್ಞಾನಕ್ಕೆ ತಾಳ್ಮೆ ಬೇಕು.

ಅದೇ ಅಧ್ಯಯನವನ್ನ ನಮ್ಮ ಕಡೆ ಮಾಡಿದ್ದರೆ ಎರಡು ವರ್ಷ ಅಲ್ಲ, ಎರಡು ಹೊತ್ತೂ ನಡೀತಿರಲಿಲ್ಲ. ಯಾರದೋ ಮನೆಗೆ ಹೋಗಿ ಎರಡನೇ ರೊಟ್ಟಿಗೆ ಸಾಕು ಅಂದು ನೋಡಿ. "ಯಾಕ್ರೀ, ಆರಾಮ ಇಲ್ಲೇನ್ರಿ?" ಅಂತ ಶುರು. ಇಲ್ಲ ಅಕ್ಕಾರ, ಡಯಟ್ ಅಂದರೆ ಮುಗೀತು. "ನಮ್ಮ ಮನಿ ಊಟ ಸೇರಲಿಲ್ಲ ಅಂತ ನೇರ ಹೇಳ್ರಿ." ಅಷ್ಟು ಹೇಳುವ ಹೊತ್ತಿಗೆ ತಾಟಿನಲ್ಲಿ ಇನ್ನೆರಡು ರೊಟ್ಟಿ, ಮೇಲೆ ಎಣ್ಣೆಗಾಯಿ, ಪಕ್ಕದಲ್ಲಿ ಶೇಂಗಾ ಚಟ್ನಿ, ಅದಕ್ಕೆ ಮೊಸರು. ಅಮೀನಗಡದ ಕರದಂಟನ್ನ ಔಷಧ ಅಂತ ಕೊಡುವ ಜಿಲ್ಲೆ ನಮ್ಮದು. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ, ಎಲ್ಲ ಸೇರಿಸಿ ಕಟ್ಟಿದ ಆ ತುಂಡನ್ನ ಬಾಣಂತಿಗೂ ಕೊಡ್ತಾರೆ, ಪರೀಕ್ಷೆಗೆ ಹೋಗುವ ಹುಡುಗನಿಗೂ ಕೊಡ್ತಾರೆ, ಶುಗರ್ ಇರುವ ಮಾಮಾನಿಗೂ "ಇದು ಬೆಲ್ಲ ರೀ, ಸಕ್ರಿ ಅಲ್ಲ" ಅಂತ ಕೊಡ್ತಾರೆ.

ಇನ್ನು ಮಂಗಗಳು. ಇಲ್ಲಿ ಮಜಾ ಇದೆ. ಅಮೆರಿಕದಲ್ಲಿ ಎರಡು ಕಡೆ ರೀಸಸ್ ಮಂಗಗಳನ್ನ 1980ರ ದಶಕದ ಕೊನೆಯಿಂದ ಇಟ್ಟುಕೊಂಡು ಊಟ ಕಡಿತ ಮಾಡಿದರು. ವಿಸ್ಕಾನ್ಸಿನ್‌ನವರು 2009ರಲ್ಲಿ ಕಡಿಮೆ ತಿಂದ ಮಂಗಗಳಿಗೆ ಮುಪ್ಪಿನ ರೋಗಗಳೂ ಸಾವೂ ಕಡಿಮೆ ಅಂದರು. ಅಲ್ಲಿನ ರಾಷ್ಟ್ರೀಯ ಮುಪ್ಪಿನ ಸಂಸ್ಥೆಯವರು 2012ರಲ್ಲಿ ನಮ್ಮ ಮಂಗಗಳ ಆಯುಷ್ಯದಲ್ಲಿ ಏನೂ ಫರಕು ಕಾಣಲಿಲ್ಲ ಅಂದರು. ಮಂಗಗಳಲ್ಲೂ ಎರಡು ಬಣ! ಆಮೇಲೆ ನೋಡಿದರೆ ವಿಸ್ಕಾನ್ಸಿನ್ ಮಂಗಗಳ ಆಹಾರದಲ್ಲಿ ಸಕ್ಕರೆಯೇ ಶೇ 28ರ ಮೇಲೆ ಇತ್ತು, ಇನ್ನೊಂದು ಕಡೆ ಶೇ 4ಕ್ಕಿಂತ ಕಡಿಮೆ. ಅಲ್ಲದೆ ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಯ ಗುಂಪಿಗೆ, ಅಂದರೆ ಊಟ ಕಡಿತ ಮಾಡದ ಮಂಗಗಳಿಗೆ, ಬೇಕಾದಷ್ಟು ತಿನ್ನೋಕೆ ಬಿಟ್ಟಿದ್ದರು. ಅಂದರೆ ಸಿಹಿ ಊಟ ಹೊಟ್ಟೆ ಬಿರಿಯ ತಿಂದವರಿಗಿಂತ ಕಡಿಮೆ ತಿಂದವರು ಚೆನ್ನಾಗಿರ್ತಾರೆ. ಇದನ್ನ ಯಾವ ಅಜ್ಜಿಯಾದರೂ ಹೇಳ್ತಿದ್ದಳು, ಅದಕ್ಕೆ ಅಷ್ಟು ವರ್ಷ ಪಂಜರ ಬೇಕಿರಲಿಲ್ಲ. 2017ರಲ್ಲಿ ಎರಡೂ ಬಣ ಒಟ್ಟಿಗೆ ಕೂತು, ಒಟ್ಟಾರೆ ಲಾಭ ಇದೆ, ಆದರೆ ಯಾವ ವಯಸ್ಸಿಗೆ ಶುರು ಮಾಡ್ತೀರಿ, ಏನು ತಿಂತೀರಿ ಅನ್ನೋದರ ಮೇಲೆ ಹೋಗುತ್ತೆ ಅಂತ ರಾಜಿ ಪಂಚಾಯ್ತಿ ಮುಗಿಸಿದರು.

ನನ್ನ ತಕರಾರು ಇಷ್ಟೇ. ಮೂರನೇ ಕೇಂದ್ರ ಬಾದಾಮಿಯಲ್ಲಿ ಯಾಕೆ ಮಾಡಲಿಲ್ಲ? ಒಂದು ರೂಪಾಯಿ ಅನುದಾನ ಇಲ್ಲದೆ ಅಲ್ಲಿನ ಗುಹೆಗಳ ಮುಂದೆ ಹೋಲಿಕೆಯ ಗುಂಪು ತಯಾರಾಗಿ ಕೂತಿದೆ. ಚಿಪ್ಸು, ಬಿಸ್ಕತ್ತು, ಬಾಳೆಹಣ್ಣು, ಮಾವಿನ ಜ್ಯೂಸಿನ ಬಾಟಲಿ. ಬೇಕಾದಷ್ಟು, ಬೇಕಾದಾಗ, ನಿಮ್ಮ ಕೈಚೀಲದಿಂದಲೇ. ಮುಚ್ಚಳವನ್ನೂ ತಾವೇ ತಿರುಗಿಸಿ ತೆಗೀತಾವೆ. ಚಾಲುಕ್ಯರ ಕಾಲದಿಂದ ಅಲ್ಲೇ ಇರುವವರ ಹಾಗೆ ಗತ್ತು ಬೇರೆ. ಅವುಗಳ ಮುಂದೆ ಕಾಲು ಭಾಗ ಕಡಿಮೆ ತಿನ್ನಿ ಅಂತ ಭಾಷಣ ಮಾಡೋಕೆ ನಮ್ಮ ವಾಕಿಂಗ್ ಗುಂಪನ್ನ ಕಳಿಸಿಕೊಡೋಣ ಅಂತಿದ್ದೇನೆ.

ಮನುಷ್ಯರ ಹೋಲಿಕೆಯ ಗುಂಪು ಬೇಕು ಅಂದರೆ ಅದಕ್ಕೂ ದೂರ ಹೋಗಬೇಕಿಲ್ಲ. ಡಿಸೆಂಬರ್ ಬಂದರೆ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ತಾವಾಗಿಯೇ ಬರ್ತಾರೆ. ಎರಡೂ ಸದನ ಸೇರಿದರೆ 299 ಸ್ಥಾನ. ಉತ್ತರ ಕರ್ನಾಟಕದ ಸಮಸ್ಯೆಗಳ ಚರ್ಚೆ ಕೊನೆಯ ದಿನಕ್ಕೆ ಹೋದರೂ ಉತ್ತರ ಕರ್ನಾಟಕದ ಊಟದ ಚರ್ಚೆ ಮೊದಲ ದಿನವೇ ಮುಗಿದಿರುತ್ತೆ. ಶೇಂಗಾ ಹೋಳಿಗೆಗೆ ವಿರೋಧ ಪಕ್ಷ ಇರೋದಿಲ್ಲ. ಹೋಗುವಾಗ ಕುಂದಾ ಡಬ್ಬಿ. ಆ ಎಣ್ಣೆ ಬೋರ್ಡನ್ನ ಆ ಊಟದ ಹಾಲಿನಲ್ಲಿ ಹಾಕಿದ್ದಾರಾ ಅಂತ ಯಾರಾದರೂ ನೋಡಿ ಹೇಳಿ.

ಹೋಗಲಿ. ಕಡಿಮೆ ತಿನ್ನೋದು ನಮ್ಮ ಜಿಲ್ಲೆಗೆ ಹೊಸ ಫ್ಯಾಷನ್ನೂ ಅಲ್ಲ. ಇವತ್ತಿನ ಬಾಗಲಕೋಟೆ, ವಿಜಯಪುರ ಆಗ ಕಲಾದಗಿ ಜಿಲ್ಲೆ. 1876-78ರ ಬರದಲ್ಲಿ ಮುಂಬೈ ಪ್ರಾಂತ್ಯದಲ್ಲೇ ಕೆಟ್ಟದಾಗಿ ಸಿಕ್ಕಿಬಿದ್ದ ಜಿಲ್ಲೆಗಳಲ್ಲಿ ಒಂದು. ಸರ್ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬರು ಆಗ ಲೆಕ್ಕ ಹಾಕಿದರು. ಬರದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವ ಗಂಡಸಿಗೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ ಸಾಕು. ಒಂದು ಪೌಂಡು ಅಂದರೆ 450 ಗ್ರಾಂ. ಕೂಲಿಗಳು ಕೆಲಸ ಬಿಟ್ಟು ಹೋದರು. ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಇದರಲ್ಲಿ ಮನುಷ್ಯ ಉಳಿಯೋದಿಲ್ಲ ಅಂತ ಜಗಳಕ್ಕೇ ನಿಂತರು. ಟೆಂಪಲ್ ಸಾಹೇಬರು 1877ರಲ್ಲಿ ಮುಂಬೈ ಗವರ್ನರ್ ಆದರು. ಪಾಪ, ತಪ್ಪು ಕಾಲದಲ್ಲಿ ಹುಟ್ಟಿದರು. ಈಗಿದ್ದರೆ ಅದನ್ನೇ ಮೊಬೈಲ್ ಆಪ್ ಮಾಡಿ ತಿಂಗಳಿಗೆ ಇಷ್ಟು ಅಂತ ಚಂದಾ ವಸೂಲಿ ಮಾಡ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೂ ಕ್ಯಾಲೊರಿ ಲೆಕ್ಕ ಬಿಟ್ಟಿಲ್ಲ. ಹಳ್ಳಿಯವನಿಗೆ ದಿನಕ್ಕೆ 2,400, ಪಟ್ಟಣದವನಿಗೆ 2,100. ಅಷ್ಟು ತಿನ್ನೋಕೆ ದುಡ್ಡಿಲ್ಲದವನು ಬಡವ ಅಂತ 1979ರಲ್ಲಿ ಯೋಜನಾ ಆಯೋಗದ ತಂಡ ಗೆರೆ ಎಳೆಯಿತು. 2011ರಲ್ಲಿ ಅದೇ ಆಯೋಗ ಸುಪ್ರೀಂ ಕೋರ್ಟಿಗೆ ಹಳ್ಳಿಯಲ್ಲಿ ದಿನಕ್ಕೆ 26 ರೂಪಾಯಿ, ಪಟ್ಟಣದಲ್ಲಿ 32 ರೂಪಾಯಿ ಇದ್ದರೆ ನಡೆಯುತ್ತೆ ಅಂತ ಹೇಳಿತು. ಈಗ ಅದೇ 2,400ರಿಂದ ಕಾಲು ಭಾಗ ಕಳೆದು 1,800ಕ್ಕೆ ಬಂದವನನ್ನ ಬಡವ ಅನ್ನೋಹಾಗಿಲ್ಲ, ಶಿಸ್ತಿನ ಮನುಷ್ಯ ಅನ್ನಬೇಕು.

ಆ ಗಿಡ್ಡ ಇಲಿಗಳು ನೆನಪಿವೆಯಾ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಮೆಕ್ಕೇ ಲೆಕ್ಕ ಹಿಡಿದು ಖುಷಿಪಡೋಣವಾ, ಇವರು ದೀರ್ಘಾಯುಷಿಗಳು ಅಂತ? 2021ರ ಡಿಸೆಂಬರಿನಲ್ಲಿ ವಿಜಯಪುರ ಮತ್ತು ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡ್ತೀವಿ ಅಂದಾಗ ಎಷ್ಟು ಗದ್ದಲ ಆಯ್ತು. ಒಂದು ಮೊಟ್ಟೆ! ಬೇಡ ಅಂದವರಿಗೆ ಬಾಳೆಹಣ್ಣು ಅಂತಲೂ ಹೇಳಿದ್ದರು. ಆದರೂ ಸ್ವಾಮಿಗಳು ಎದ್ದರು, ಸಂಘಟನೆಗಳು ಎದ್ದವು, ಧರ್ಮ ಕೆಡುತ್ತೆ ಅಂದರು. ಹೊಟ್ಟೆ ತುಂಬಿದವರು ಕೂತು ಹಸಿದ ಮಗುವಿನ ತಾಟಿನಲ್ಲಿ ಏನಿರಬೇಕು ಅಂತ ತೀರ್ಪು ಕೊಡೋದು ನೋಡಿ ನೋಡಿ ಸಾಕಾಗಿದೆ. ನಗು ಕೂಡ ಬರೋದಿಲ್ಲ. ಸುಮ್ನೆ ಕೊಡಿ, ತಿನ್ನಲಿ. ಅವರ ಆಯುಷ್ಯದ ಚಿಂತೆ ನಿಮಗೆ ಬೇಡ.

ಇನ್ನು ಸಕ್ಕರೆ. ಬೆಳಗಾವಿ, ಬಾಗಲಕೋಟೆ ಕಡೆಯ ಅರ್ಧ ರಾಜಕೀಯ ನಡೆಯೋದೇ ಕಾರ್ಖಾನೆಗಳ ಮೇಲೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ಕೂತರು, ಕೊನೆಗೆ 3,300ಕ್ಕೆ ನಿಂತಿತು. ಸಕ್ಕರೆ ಬಿಡಿ ಅನ್ನುವವರೂ ರಾಜಕಾರಣಿಗಳೇ, ಸಕ್ಕರೆ ಕಾರ್ಖಾನೆ ನಡೆಸುವವರೂ ಅವರವರೇ. ಸೀಸನ್ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದ ಬದಿಯಲ್ಲೇ ಗುಡಿಸಲು ಹಾಕಿಕೊಂಡು ಇರ್ತವೆ. ಗಂಡ ಕಡೀತಾನೆ, ಹೆಂಡತಿ ಕಟ್ಟಿ ಹೊರೆ ಹೊರುತ್ತಾಳೆ, ಕೂಸು ಅಲ್ಲೇ ಸೀರೆಯ ಜೋಳಿಗೆಯಲ್ಲಿ. ಅವರ ಚಹಾದಲ್ಲಿ ಸಕ್ಕರೆ ಜಾಸ್ತಿ ಇರುತ್ತೆ. ಕಡಿಮೆ ಮಾಡಿ ಅಂತ ತಿಳಿಹೇಳೋಕೆ ಯಾರಾದರೂ ಹೋಗುವವರಿದ್ದರೆ ನಸುಕಿನ ನಾಲ್ಕಕ್ಕೇ ಹೋಗಬೇಕು. ಆಮೇಲೆ ಅವರು ಕಬ್ಬಿನೊಳಗೆ ಇರ್ತಾರೆ, ಸಿಗೋದಿಲ್ಲ.